ಕೈಕೊಟ್ಟ ಬೈಕು, ಕಾಲು ಕೊಟ್ಟವನು

ಹೊರದೇಶದ ವಿಡಿಯೊಗಳಲ್ಲಿ ಕಾರಿನ ಹಿಂದೆ ಪುಟ್ಟ ಟ್ರೈಲರು, ಅದರ ಮೇಲೆ ಬೆಲ್ಟು ಬಿಗಿಸಿಕೊಂಡು ಮದುವಣಿಗನ ಠೀವಿಯಲ್ಲಿ ನಿಂತ ಮೋಟಾರ್‌ಸೈಕಲ್ಲು ಸಾಗುವುದನ್ನು ಕಂಡಾಗಲೆಲ್ಲ ನನಗೊಂದೇ ಚಿಂತೆ: ಇದು ನಮ್ಮ ಬೆಂಗಳೂರಿನ ನವರಂಗ್ ಸರ್ಕಲ್ ಹತ್ತಿರ ತಿರುಗೀತೆ? ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನವರನ್ನು ಕೇಳಿದರೆ ಅಂಥದೊಂದನ್ನು ವೆಲ್ಡಿಂಗ್ ಮಾಡಿ ಕೊಟ್ಟಾರು. ಆದರೆ ಟ್ರೈಲರಿಗೂ ಬೇರೆ ನೋಂದಣಿ ಬೇಕು. ಅದನ್ನೂ ಮಾಡಿಸಿದಿರಿ ಅನ್ನಿ, ಬಸವೇಶ್ವರನಗರದ ಅಡ್ಡರಸ್ತೆಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ? ಕಾರಿನ ಜಾಗವನ್ನೇ ಎದುರುಮನೆಯವರು ಹೂಕುಂಡ ಇಟ್ಟು ಕಾದಿರಿಸಿಕೊಂಡಿರುತ್ತಾರೆ.

ಹಾಗಾಗಿ ನಮ್ಮ ಕಡೆ ಕೆಟ್ಟು ನಿಂತ ಬೈಕಿಗೆ ಹಿಂದಿನಿಂದ ಬಂದವನ ಕಾಲೇ ಟ್ರೈಲರು. ಮಾಗಡಿ ರಸ್ತೆಯಲ್ಲಿ ಹೆಲ್ಮೆಟ್ ತೆಗೆದು, ಟ್ಯಾಂಕಿನ ಮುಚ್ಚಳ ತೆರೆದು, ಬೈಕನ್ನು ಅಲ್ಲಾಡಿಸಿ ಒಳಗೆ ಇಣುಕುತ್ತಿದ್ದರೆ ಸಾಕು. "ಪೆಟ್ರೋಲಾ ಸಾರ್? ಹತ್ಕೊಳಿ, ತಳ್ತೀನಿ" ಅನ್ನುವವನೊಬ್ಬ ಪಕ್ಕಕ್ಕೆ ಬಂದೇ ಬರುತ್ತಾನೆ. ನಾವು ನ್ಯೂಟ್ರಲ್‌ಗೆ ಹಾಕಿ ಹ್ಯಾಂಡಲ್ ನೆಟ್ಟಗೆ ಹಿಡಿಯಬೇಕು. ಅವನು ಬಲಕ್ಕೆ ತುಸು ಹಿಂದೆ ನಿಂತು, ಎಡಗಾಲು ಚಾಚಿ, ನಮ್ಮ ಹಿಂಬದಿ ಸವಾರರ ಫುಟ್‌ರೆಸ್ಟಿಗೆ ಚಪ್ಪಲಿ ಊರಿ ಆಕ್ಸಿಲರೇಟರ್ ತಿರುವುತ್ತಾನೆ. ಗೇರಿನ ಬೈಕಿನವರಿಗೆ ಇದು ಕಷ್ಟ: ಎಡಗಾಲು ಕೊಟ್ಟರೆ ಗೇರು ಹೋಯಿತು, ಬಲಗಾಲು ಕೊಟ್ಟರೆ ಹಿಂದಿನ ಬ್ರೇಕು ಹೋಯಿತು. ಆಕ್ಟಿವಾಗೆ ಆ ತಾಪತ್ರಯವಿಲ್ಲ. ಗೇರೇ ಇಲ್ಲ, ಬ್ರೇಕೆರಡೂ ಕೈಯಲ್ಲಿ. ಇಸ್ಕಾನ್ ಬಳಿಯ ಏರು ಬಂದಾಗ ಮಾತ್ರ ಅದೂ ಏದುಸಿರು ಬಿಡುತ್ತದೆ.

ಅಪಾಯವಿಲ್ಲವೆಂದಲ್ಲ. ಮುಂದಿನವನು ಹೇಳದೆ ಬ್ರೇಕ್ ಹಾಕಿದರೆ ಇಬ್ಬರೂ ರಸ್ತೆಯಲ್ಲೇ. 1989ರ ರಸ್ತೆ ನಿಯಮಗಳಲ್ಲಿ ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವೆ 5 ಮೀಟರ್ ಮೀರಬಾರದು, ವೇಗ ಗಂಟೆಗೆ 24 ಕಿಲೋಮೀಟರ್ ದಾಟಬಾರದು ಎಂದಿತ್ತು. ಇಲ್ಲಿ ಅಂತರ ಒಂದು ಚಪ್ಪಲಿಯಷ್ಟು. ವೇಗದ ಮಾತು ಬಿಡಿ, ಸಂಜೆ ಆರಕ್ಕೆ ಸುಮನಹಳ್ಳಿಯಲ್ಲಿ 24 ದಾಟುವ ಭಾಗ್ಯ ಯಾರಿಗುಂಟು! ಪೆಟ್ರೋಲ್ ಬಂಕ್ ಮುಟ್ಟಿಸಿದವನಿಗೆ ಥ್ಯಾಂಕ್ಸ್ ಹೇಳೋಣವೆಂದು ತಿರುಗುವಷ್ಟರಲ್ಲಿ ಅವನು ಮಾಯ. ಮುಖ ನೋಡಿರುವುದಿಲ್ಲ, ಅವನ ಕಾಲೊಂದೇ ಪರಿಚಯ.

ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಬೈಕನ್ನು ಕೇಳದೆಯೇ ಹೊತ್ತೊಯ್ಯುವವರೂ ಇದ್ದರು. ಟೋಯಿಂಗ್ ಗಾಡಿಯ ಮೈಕಿನಿಂದ "ಕೆಎ ಜೀರೋ ಟೂ..." ಎಂದು ಕೇಳಿಸಿದ್ದೇ ತಡ, ರಾಜಾಜಿನಗರದ ಹೋಟೆಲುಗಳಲ್ಲಿ ಅರ್ಧ ದೋಸೆ ಬಿಟ್ಟು ಜನ ಹೊರಗೋಡುತ್ತಿದ್ದರು. ಕೆಎ 02 ಇಲ್ಲಿಯದೇ ಆರ್‌ಟಿಒ ನಂಬರು. ನಂಬರಿನ ಉಳಿದರ್ಧ ಕೇಳುವವರೆಗೆ ಎಲ್ಲರದೂ ಅದೇ ಬೈಕು. ಹ್ಯಾಂಡಲ್ ಲಾಕ್ ಆಗಿದ್ದ ಬೈಕನ್ನೂ ಟೋಯಿಂಗ್ ಹುಡುಗರು ಕ್ಷಣದಲ್ಲಿ ಮೇಲೆತ್ತುತ್ತಿದ್ದ ಕೈಚಳಕ ನೋಡಿ, ಬೈಕ್ ನನ್ನದಲ್ಲದಿದ್ದಾಗ, ಮೆಚ್ಚಿದ್ದೇನೆ. ಜನರ ಆಕ್ರೋಶ ಜೋರಾಗಿ 2022ರ ಫೆಬ್ರುವರಿಯಲ್ಲಿ ಆ ಟೋಯಿಂಗ್ ನಿಂತಿತು.

ಎಂಜಿನ್ ಸೀಜ್ ಆಗಿ ದೂರದ ಮೆಕ್ಯಾನಿಕ್ ಬಳಿಗೆ ಒಯ್ಯಬೇಕಾದರೆ ಕಾಲಿನಿಂದ ಆಗುವ ಕೆಲಸವಲ್ಲ. ಆಗ 2005ರಲ್ಲಿ ಬಂದ ಟಾಟಾ ಏಸೇ ಗತಿ. ಮುಕ್ಕಾಲು ಟನ್ ಹೊರುವ ಗಾಡಿಗೆ ಒಂದು ಯೆಜ್ಡಿ ಬೈಕು ಯಾವ ಲೆಕ್ಕ? ಅದನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರೂ ಹಳೆಯ ಯೆಜ್ಡಿಯನ್ನು ಮಗುವಿನಂತೆ ಸಾಕುವವರು ಇನ್ನೂ ಇದ್ದಾರೆ. ಅಂಥ ಗೆಳೆಯರೊಬ್ಬರ ಗಾಡಿಯನ್ನು ಕೆಂಗೇರಿಯಿಂದ ವಿಜಯನಗರದ ಮೆಕ್ಯಾನಿಕ್ ಬಳಿಗೆ ಸಾಗಿಸಿದೆವು. ಡ್ರೈವರ್ ಹಲಗೆ ಇಟ್ಟ. ಒಬ್ಬರು ಹ್ಯಾಂಡಲ್, ಇಬ್ಬರು ಹಿಂದೆ. ಸೈಡ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲಿನ ಎರಡೂ ಕಡೆಯಿಂದ ಹಗ್ಗ ಇಳಿಬಿಟ್ಟು, ಮುಂದಿನ ಫೋರ್ಕ್ ಅರ್ಧ ಕುಸಿಯುವವರೆಗೆ ಜಗ್ಗಿ ಕಟ್ಟಿದ. ಹೀಗೆ ಕುಸಿಸಿ ಕಟ್ಟದಿದ್ದರೆ ಮೊದಲ ಹಂಪಿನಲ್ಲೇ ಹಗ್ಗ ಸಡಿಲವಾಗುತ್ತದಂತೆ. ಹಗ್ಗ ಟ್ಯಾಂಕಿನ ಬಣ್ಣ ಕೆರೆಯದಿರಲೆಂದು ಗೋಣಿಚೀಲವನ್ನೂ ತುರುಕಿದ.

ಇಷ್ಟಾದರೂ ಗೆಳೆಯರಿಗೆ ಹಗ್ಗದ ಮೇಲೆ ನಂಬಿಕೆಯಿಲ್ಲ. ಮುಂದಿನ ಸೀಟು ಬೇಡವೆಂದು ಹಿಂದೆಯೇ ಹತ್ತಿ, ಯೆಜ್ಡಿಯ ಸೀಟು ಹಿಡಿದು ನಿಂತರು. ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಹಿಂದಿದ್ದ ಸ್ಕೂಟರಿನವನು ಹಾರ್ನ್ ಹೊಡೆದ. ಒಮ್ಮೆ ಅಲ್ಲ, ಬಿಡದೆ. ಹಗ್ಗ ಬಿಚ್ಚಿತೇನೋ ಎಂದು ಇವರು ಗಾಬರಿಯಿಂದ ಬಗ್ಗಿ ನೋಡಿದರೆ, ಅವನು ಹೆಲ್ಮೆಟ್ ಗಾಜು ಮೇಲೆತ್ತಿ, ಬೆರಳು ತೋರಿಸಿ ಕೂಗುತ್ತಿದ್ದಾನೆ: "ಸಾರ್, ಸ್ಟ್ಯಾಂಡ್! ಸೈಡ್ ಸ್ಟ್ಯಾಂಡ್!"