ತಗಡಿನ ಶೆಡ್ಡಿನ ಮುಂದೆ ಕೂತು ಕೇಳಿದ್ದು

ಪುಣೆಯ ಮಗರಪಟ್ಟಾದ ರೈತರು ತಮ್ಮ ಜಮೀನು ಕೂಡಿಸಿ ನಗರ ಕಟ್ಟಲು ಹೊರಟ ಕಾಲ. ಹಡಪಸರದಲ್ಲಿ ಕಬ್ಬಿದ್ದ ಕಡೆಯೆಲ್ಲ ಕಟ್ಟಡ ಏಳುತ್ತಿತ್ತು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗಾರೆ ಕೆಲಸಕ್ಕೆ ಬಂದವರು ತಗಡಿನ ಶೆಡ್ಡುಗಳಲ್ಲಿದ್ದರು. ನರ್ಸಿಂಗ್ ಕಲಿಸುತ್ತಿದ್ದ ನಾನು ವಿದ್ಯಾರ್ಥಿನಿಯರ ಜೊತೆ ಅಲ್ಲಿಗೆ ಹೋಗುತ್ತಿದ್ದೆ.

ಆಗ ನಮಗೆ ಸಂಶೋಧನೆಯೆಂದರೆ ಪ್ರಶ್ನಾವಳಿ. ರಕ್ತದ ಗುಳಿಗೆ (ಕಬ್ಬಿಣಾಂಶದ ಮಾತ್ರೆ) ನುಂಗುತ್ತೀರಾ ಎಂದರೆ ಬಸುರಿಯರೆಲ್ಲ ಹೌದೆನ್ನುತ್ತಿದ್ದರು, ನಾವು ಗುರುತು ಹಾಕಿಕೊಳ್ಳುತ್ತಿದ್ದೆವು. ರೆಪ್ಪೆ ಇಳಿಸಿ ನೋಡಿದರೆ ಮಾತ್ರ ಕಣ್ಣಿನೊಳಗೆ ಕೆಂಪೇ ಇರುತ್ತಿರಲಿಲ್ಲ.

ಫೋಕಸ್ ಗ್ರೂಪ್, ಅಂದರೆ ಕೆಲವರನ್ನು ಒಟ್ಟಿಗೆ ಕೂರಿಸಿ ಒಂದು ವಿಷಯದ ಮೇಲೆ ಮಾತಾಡಿಸುವ ವಿಧಾನ, ನಮ್ಮ ಪಠ್ಯಕ್ಕೆ ತಡವಾಗಿ ಬಂತು. ರೇಡಿಯೋ ಕೇಳುಗರ ಮನಸ್ಸು ತಿಳಿಯಲು 1940ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ರೂಪಿಸಿದ ಸಂದರ್ಶನ ವಿಧಾನದಿಂದ ಬೆಳೆದದ್ದು ಅದು. ಜನ ತಮ್ಮತಮ್ಮಲ್ಲೇ ಆಡುವ ಮಾತೇ ಇಲ್ಲಿಯ ಸರಕು ಎಂದು ಸಂಶೋಧಕಿ ಜೆನ್ನಿ ಕಿಟ್ಜಿಂಗರ್ 1995ರಲ್ಲಿ ಆರೋಗ್ಯ ಸಂಶೋಧಕರಿಗೆ ಬಿಡಿಸಿ ಹೇಳಿದ್ದರು.

ಅದೇ ರೀತಿ ಆ ಶೆಡ್ಡುಗಳ ಎಂಟು-ಹತ್ತು ಸೊಸೆಯರನ್ನು ಒಂದು ಕಡೆ, ಅತ್ತೆಯರನ್ನು ಇನ್ನೊಂದು ಕಡೆ ಕೂರಿಸಿದೆವು. ವಿದ್ಯಾರ್ಥಿನಿಯರಲ್ಲಿ ಒಬ್ಬಳು ವಿಷಯ ಎತ್ತಬೇಕು, ಇನ್ನೊಬ್ಬಳು ಬರೆದುಕೊಳ್ಳಬೇಕು, ನಡುವೆ ಕ್ಯಾಸೆಟ್ ರೆಕಾರ್ಡರ್. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಾಕೆ, "ಸಿಸ್ಟರ್, ಅದ ನುಂಗಿದ್ರ ಕೂಸು ಕರ್ರಗ ಹುಟ್ತದಂತ ನಮ್ಮತ್ತಿ ಬ್ಯಾಡಂತಾಳ್ರಿ" ಎಂದಳು. ಪಕ್ಕದವಳು ತಡೆದು, "ಅದಲ್ಲಬೇ, ಹೊಟ್ಟಿ ಕಟ್ಟತದ. ಕೆಲಸದ ಜಾಗಾದಾಗ ಹೆಂಗಸ್ರಿಗೆ ಸಂಡಾಸ ಎಲ್ಲದ?" ಎಂದಳು. ಉಳಿದವರೆಲ್ಲ ಒಟ್ಟಿಗೇ ಮಾತಾಡತೊಡಗಿದರು. ಶೌಚಾಲಯದ ಪ್ರಶ್ನೆ ನಮ್ಮ ಯಾವ ಹಾಳೆಯಲ್ಲೂ ಇರಲಿಲ್ಲ! ರಕ್ತಹೀನತೆ ತಿಳಿಯದವರ ಕಾಯಿಲೆಯೆಂದು ಪಾಠ ಹೇಳುತ್ತಿದ್ದ ನನ್ನ ಮಾತಿನ ರೀತಿಯೇ ಅಂದಿನಿಂದ ಬದಲಾಯಿತು.

ಎಲ್ಲವನ್ನೂ ಗುಂಪಿನಲ್ಲಿ ಕೇಳಲಾಗದು. ಗಂಡನ ಹೊಡೆತದ ಸಂಗತಿ ಕೇಳಬೇಕಾದರೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಗುಂಪಿನಲ್ಲಿ ಆಡಿದ ಮಾತು ನೆರೆಯವಳ ಬಾಯಲ್ಲಿ ಗುಟ್ಟಾಗಿ ಉಳಿಯುತ್ತದೆಂದು ನಾವು ಭರವಸೆ ಕೊಡಲಾರೆವು. ಎಷ್ಟು ಜನ ಗುಳಿಗೆ ಬಿಟ್ಟಿದ್ದಾರೆ ಎಂಬ ಲೆಕ್ಕವೂ ಇದರಿಂದ ಸಿಗದು; ಅದಕ್ಕೆ ಆ ಹಳೆಯ ಪ್ರಶ್ನಾವಳಿಯೇ ಬೇಕು.

ಕ್ಯಾಸೆಟ್ ಹೋಗಿ ಮೊಬೈಲ್ ಬಂತು, ನೈತಿಕ ಸಮಿತಿಯ ಒಪ್ಪಿಗೆ ಪತ್ರ ಬಂತು. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಈಚಿನ ಕೆಲವು ಪ್ರಬಂಧಗಳನ್ನು ಓದಿದರೆ ಸಂಕಟವಾಗುತ್ತದೆ. ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದ ಒಂದೊಂದು ಉತ್ತರ ಪಡೆದು ಅದನ್ನೇ ಫೋಕಸ್ ಗ್ರೂಪ್ ಎಂದು ಬರೆದಿರುತ್ತಾರೆ. ಸಂಶೋಧನೆಗೆ ಹೊರಟ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಆ ಹೆಣ್ಣುಮಕ್ಕಳು ಪರಸ್ಪರ ವಾದಕ್ಕಿಳಿದಾಗ ನಡುವೆ ಬಾಯಿ ಹಾಕಬೇಡಿ. ಪ್ರಬಂಧ ಮುಗಿದ ಮೇಲೆ ಅದೇ ಶೆಡ್ಡಿಗೆ ಹೋಗಿ ನೀವು ಕಂಡುಕೊಂಡದ್ದನ್ನು ಅವರಿಗೂ, ಅವರ ಗುತ್ತಿಗೆದಾರನಿಗೂ ತಿಳಿಸಿ.