ರಕ್ತಸಂಬಂಧ

ನಮ್ಮ ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳಲ್ಲದೆ ಇನ್ನೊಂದು ಬಗೆಯ ದಿನವೂ ಉಂಟು. ಅದನ್ನು ಯಾವ ಪಂಚಾಂಗದವರೂ ಗುಣಿಸಿದ್ದಲ್ಲ. ನನ್ನಾಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದು. 21 ದಿನಕ್ಕೊಂದು ಸುತ್ತು. ಅಂದು ನಮ್ಮ ಇಬ್ಬರು ಮಕ್ಕಳಿಗೂ ಆಸ್ಪತ್ರೆಯಲ್ಲಿ ರಕ್ತ ಹಾಕಿಸಬೇಕು. 2024ರ ಯುಗಾದಿಯಿಂದ ಮರುವರ್ಷದ ಯುಗಾದಿಯವರೆಗೆ ಅಂಥ ಸುತ್ತುಗಳು 17 ಬಿದ್ದವು. ಆ ಸಂವತ್ಸರದ ಹೆಸರು ಕ್ರೋಧಿ. ಹೆಸರು ಕೇಳಿಯೇ ನಾನು ಅಳುಕಿದ್ದೆ. ಆದರೆ ಹೋಗುವಾಗ ಅದು ನನಗೆ ಒಂದು ಪದದ ಅರ್ಥವನ್ನು ಕಲಿಸಿ ಹೋಯಿತು. ಕನ್ನಡ ಹೇಳಿಕೊಡುವುದನ್ನೇ ಕಸಬು ಮಾಡಿಕೊಂಡವನಿಗೆ ಅದು ಸಣ್ಣ ಲಾಭವಲ್ಲ.

ಆ ಪದ, ರಕ್ತಸಂಬಂಧ.

ನನ್ನ ಮದುವೆಯ ಮಾತು ಬಂದಾಗ ಅಮ್ಮ ಹಟ ಹಿಡಿದಿದ್ದಳು: "ಹೊರಗಿನ ಸಂಬಂಧ ಬೇಡ ಕಣೋ. ನನ್ನ ತಮ್ಮನ ಮಗಳಿದ್ದಾಳೆ. ನಮ್ಮ ರಕ್ತ ನಮ್ಮಲ್ಲೇ ಇರಲಿ." ಸೋದರಮಾವನ ಮಗಳು, ಚಿಕ್ಕಂದಿನಿಂದ ನೋಡಿದವಳು, ನನ್ನ ಅಭ್ಯಂತರವೇನೂ ಇರಲಿಲ್ಲ. ನಮ್ಮ ರಕ್ತ ನಮ್ಮಲ್ಲೇ ಉಳಿಯಿತು, ನಿಜ. ಆದರೆ ಅದರೊಳಗೆ ಒಂದು ಕೊರತೆಯೂ ಸದ್ದಿಲ್ಲದೆ ಉಳಿದುಬಂದಿತ್ತು. ನನಗೆ ಅದು ಅಮ್ಮನಿಂದ ಬಂದಿತ್ತು; ನನ್ನಾಕೆಗೆ ಅವಳ ತಂದೆಯಿಂದ. ನಮ್ಮಿಬ್ಬರಿಗೂ ಅದರಿಂದ ಕಾಯಿಲೆಯಿಲ್ಲ; ನಾವು ಅದನ್ನು ಹೊತ್ತವರು ಮಾತ್ರ. ಹೀಗೆ ಹೊತ್ತವರಿಬ್ಬರು ಕೂಡಿದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಮಗಳಿಗೆ ಕಾಯಿಲೆ ಇದೆಯೆಂದು ತಿಳಿದಾಗ ಅವಳಿಗೆ ಒಂದೂವರೆ ವರ್ಷ. ಮಗ ಆಗಲೇ ಆರು ತಿಂಗಳ ಗರ್ಭ. ನಾಲ್ಕರಲ್ಲೊಂದು ಎಂಬ ಲೆಕ್ಕ ನಮ್ಮ ಮನೆಯಲ್ಲಿ ಎರಡಕ್ಕೆ ಎರಡಾಯಿತು.

ಕಾಯಿಲೆಯ ಹೆಸರು ಥಲಸ್ಸೇಮಿಯಾ. ಗ್ರೀಕಿನಲ್ಲಿ ಥಲಸ್ಸ ಎಂದರೆ ಕಡಲು, ಹೈಮ ಎಂದರೆ ರಕ್ತ. 1925ರಲ್ಲಿ ಥಾಮಸ್ ಕೂಲಿ ಎಂಬ ಅಮೆರಿಕದ ವೈದ್ಯ ಇದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿದ. ಮೆಡಿಟರೇನಿಯನ್ ಕಡಲ ಸೀಮೆಯವರಲ್ಲಿ ಹೆಚ್ಚಾಗಿ ಕಂಡದ್ದರಿಂದ ಆಮೇಲೆ ಈ ಹೆಸರು ಬಂತು. ಕಡಲಿಲ್ಲದ ನಮ್ಮ ಮೈಸೂರಿಗೂ ಅದು ಬಂದಿದೆ. ಈ ಮಕ್ಕಳ ದೇಹ ಗಟ್ಟಿಯಾದ ಕೆಂಪುಕಣಗಳನ್ನು ಮಾಡಲಾರದು. ಇತರರು ಕೊಟ್ಟ ರಕ್ತದಿಂದಲೇ ಮೂರು ವಾರ ಓಡಾಡಬೇಕು, ಪಾಠ ಓದಬೇಕು, ಜಗಳವಾಡಬೇಕು. ಮೂರನೆಯ ವಾರ ಜಗಳ ಕಡಿಮೆಯಾದರೆ ನನ್ನಾಕೆ ಕ್ಯಾಲೆಂಡರಿನ ಕಡೆ ನೋಡುತ್ತಾಳೆ.

ರಕ್ತ ಕಡಿಮೆ ಎಂದ ಕೂಡಲೆ ನೆರೆಹೊರೆಯವರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ನುಗ್ಗೆಸೊಪ್ಪಿನ ಪಲ್ಯ ತಂದರು. ಒಬ್ಬರು ಖರ್ಜೂರದ ಡಬ್ಬಿ ಕೊಟ್ಟರು. ಇನ್ನೊಬ್ಬರು ಬೀಟ್‌ರೂಟಿನ ರಸದ ಮಹಿಮೆ ಹೇಳಿ ಹೋದರು. ಅವರ ಪ್ರೀತಿಗೆ ನಾವು ಋಣಿಗಳು. ಆದರೆ ನಮ್ಮ ಮಕ್ಕಳ ಕಷ್ಟ ತಿರುಗುಮುರುಗು. ಹಾಕಿಸಿದ ಒಂದು ಚೀಲ ರಕ್ತದೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಸೇರುತ್ತದೆ. ದೇಹ ತಾನಾಗಿ ಹೊರಹಾಕಬಲ್ಲದ್ದು ದಿನಕ್ಕೆ ಸುಮಾರು 1 ಮಿಲಿಗ್ರಾಂ. ಉಳಿದದ್ದು ಯಕೃತ್ತಿನಲ್ಲಿ, ಹೃದಯದಲ್ಲಿ ಕೂರುತ್ತದೆ. ಅದನ್ನು ತೆಗೆಯಲು ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು; ಅರ್ಧ ಗಂಟೆ ಕಾದು ತಿಂಡಿ ಕೊಡಬೇಕು. ಆ ಅರ್ಧ ಗಂಟೆಯಲ್ಲಿ ದೋಸೆಯ ವಾಸನೆ ಬಂದರೆ ಮಗ ಗಡಿಯಾರದ ಮುಂದೆಯೇ ಕೂತುಬಿಡುತ್ತಾನೆ. ನುಗ್ಗೆಸೊಪ್ಪನ್ನು ನಾನೂ ಅಮ್ಮನೂ ತಿಂದೆವು.

ಆ ವರ್ಷದ ಎರಡನೆಯ ಸುತ್ತು ಮೇ 4ರಂದು, ಶನಿವಾರ. ಆಸ್ಪತ್ರೆಗೆ ಹೋದರೆ ಬ್ಲಡ್ ಬ್ಯಾಂಕಿನವರು ಮುಖ ಸಣ್ಣದು ಮಾಡಿದರು. ಇಬ್ಬರು ಮಕ್ಕಳದೂ ಬಿ ಪಾಸಿಟಿವ್ ಗುಂಪು. ಇದ್ದದ್ದು ಒಂದೇ ಚೀಲ. "ಬೇಸಿಗೆ ಸಾರ್. ಕಾಲೇಜುಗಳಿಗೆ ರಜ. ಶಿಬಿರಗಳೇ ಇಲ್ಲ" ಎಂದರು. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಸಂಖ್ಯೆಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಯಾರಿಗಾದರೂ ಮೊದಲು ಹಾಕಬಹುದು, ಇನ್ನೊಬ್ಬರು ಒಂದೆರಡು ದಿನ ತಡೆಯಬಹುದು ಎಂದರು. ಯಾರಿಗೆ? ಅದನ್ನು ನಾವೇ ಹೇಳಬೇಕು. ನಾನು ನನ್ನಾಕೆಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಒಂಬತ್ತು ವರ್ಷದ ಮಗಳು ಹೇಳಿದಳು: "ಅವನಿಗೇ ಹಾಕಿಸಿ ಅಪ್ಪ. ಇಲ್ಲದಿದ್ದರೆ ಮನೆವರೆಗೂ ಎತ್ತಿಕೋ ಎತ್ತಿಕೋ ಅಂತಾನೆ."

ನಾನೇ ಕೊಡೋಣವೆಂದು ಹೋದೆ. ಬೆರಳು ಚುಚ್ಚಿ ನೋಡಿದರು. ಕೊಡುವವರಿಗೆ ಹಿಮೋಗ್ಲೋಬಿನ್ 12.5 ಇರಬೇಕು, ನನ್ನದು 11.9. ಕೊರತೆಯನ್ನು ಧಾರಾಳವಾಗಿ ಕೊಟ್ಟಿದ್ದ ತಂದೆಗೆ ರಕ್ತ ಕೊಡುವ ಯೋಗ್ಯತೆ ಇರಲಿಲ್ಲ. ಹೊರಗೆ ಬಂದು ಗುರುತಿನವರಿಗೆಲ್ಲ ಮೊಬೈಲಿನಲ್ಲಿ ಸುದ್ದಿ ಕಳಿಸಿದೆ.

ಇಲ್ಲಿ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ಮಕ್ಕಳು ಹುಟ್ಟುವುದಕ್ಕೆ ಮುಂಚಿನ ಮಾತು. ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯವರು ರಕ್ತದಾನ ಶಿಬಿರ ಮಾಡುವ ದಿನವೆಂದರೆ ನನಗೆ ಸಿಟ್ಟು. ಪಂಪನ ಪಾಠಕ್ಕೆ ಕೂತಿರುತ್ತಿದ್ದವರು ಬೆರಳೆಣಿಕೆಯ ಮಂದಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ತೋಳಿಗೆ ಹತ್ತಿ ಅಂಟಿಸಿಕೊಂಡು ಪಾಠದ ಕೊನೆಗೆ ಬಂದ. "ಕರ್ಣ ದಾನಶೂರ, ಸರಿ, ಅವನು ತರಗತಿ ತಪ್ಪಿಸಿರಲಿಲ್ಲ" ಎಂದು ಹಾಸ್ಯ ಮಾಡಿ ಗೈರುಹಾಜರಿ ಹಾಕಿದೆ. ತರಗತಿ ನಕ್ಕಿತು. ನಾನು ಆ ಹಾಸ್ಯವನ್ನು ಮನೆಗೂ ಬಂದು ಹೇಳಿದ್ದೆ.

ಆ ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಮುಂದೆ ಒಂದು ಆಟೋ ನಿಂತಿತು. ಓಡಿಸಿಕೊಂಡು ಬಂದವನು ಅದೇ ಹುಡುಗ. ಈಗ ಮೀಸೆಯಲ್ಲಿ ಒಂದು ಬಿಳಿ ಕೂದಲು. ಜೊತೆಗೆ ಆಟೋ ನಿಲ್ದಾಣದ ಇಬ್ಬರು ಗೆಳೆಯರು. ಯಾರೋ ಸುದ್ದಿಯನ್ನು ಯಾರಿಗೋ ದಾಟಿಸಿ ಅವನವರೆಗೆ ತಲುಪಿತ್ತು. ರಕ್ತ ಕೊಟ್ಟು, ತೋಳು ಮಡಿಸಿಕೊಂಡು ನನ್ನ ಮುಂದೆ ನಿಂತು ಕೇಳಿದ: "ಸಾರ್, ಇವತ್ತು ಹಾಜರಿ ಹಾಕ್ತೀರಾ?"

ಅವನು ನಗುತ್ತಿದ್ದ. ನನಗೆ ನಗಲಾಗಲಿಲ್ಲ, ಅವನ ಕೈ ಹಿಡಿದುಕೊಂಡೆ. ಕೊಟ್ಟ ರಕ್ತವನ್ನು ಏಡ್ಸ್, ಬಿ ಮತ್ತು ಸಿ ಕಾಮಾಲೆ, ಸಿಫಿಲಿಸ್, ಮಲೇರಿಯಾ ಇವುಗಳಿಗೆಲ್ಲ ಪರೀಕ್ಷಿಸದೆ ಯಾರಿಗೂ ಹಾಕುವಂತಿಲ್ಲ. ಸೋಮವಾರ ಮಗಳ ಸರದಿ ಬಂತು. ಮೇ 25ಕ್ಕೆ ಇಬ್ಬರೂ ಮತ್ತೆ ಜೊತೆಯಾದರು.

ಸೆಪ್ಟೆಂಬರ್ 7ರ ಸುತ್ತು ಗಣೇಶನ ಹಬ್ಬದ ದಿನವೇ ಬಂತು. ಬೆಳಗಿನ ಜಾವ ಪೂಜೆ ಮುಗಿಸಿ, ಕಡುಬನ್ನು ಡಬ್ಬಿಗೆ ಹಾಕಿಕೊಂಡು ಹೊರಟೆವು. ರಕ್ತ ತೊಟ್ಟಿಕ್ಕುತ್ತಿರುವಾಗ ಕಥೆ ಹೇಳುವುದು ನನ್ನ ಕೆಲಸ. ಗಣಪತಿಗೆ ಆನೆಯ ತಲೆ ಬಂದ ಕಥೆ ಹೇಳಿದೆ. ಮಗ ಯೋಚಿಸಿ ಕೇಳಿದ: "ಜೋಡಿಸುವ ಮುಂಚೆ ಆನೆಯ ಗುಂಪೂ ಅವನ ಗುಂಪೂ ಒಂದೇನಾ ಅಂತ ನೋಡಿದ್ದರಾ?" ಪಕ್ಕದ ಹಾಸಿಗೆಯವರೂ ನಕ್ಕರು. ನನಗೆ ಮಾತ್ರ ಮೂಳೆಮಜ್ಜೆಯ ನೆನಪಾಯಿತು. ಹೊಂದುವ ಮಜ್ಜೆ ಸಿಕ್ಕಿ ಕಸಿ ಮಾಡಿದರೆ ಈ ಕಾಯಿಲೆ ಗುಣವಾಗುವುದುಂಟು. ಕೊಡಲು ಎಲ್ಲರಿಗಿಂತ ತಕ್ಕವರು ಆರೋಗ್ಯವಾಗಿರುವ ಒಡಹುಟ್ಟಿದವರು. ನಮ್ಮ ಮಕ್ಕಳು ಒಬ್ಬರಿಗೊಬ್ಬರು ಏನನ್ನೂ ಕೊಡುವಂತಿಲ್ಲ, ಸರದಿಯನ್ನು ಬಿಟ್ಟು.

ಆ ಚಳಿಗಾಲದಲ್ಲಿ ನನ್ನ ತಂಗಿಯ ಮಗಳಿಗೆ ಗಂಡು ನೋಡಿದರು. ಅದೂ ನೆಂಟರೊಳಗಿನ ಸಂಬಂಧವೇ. "ಜಾತಕಕ್ಕೆ ಮುಂಚೆ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ" ಎಂದೆ. ಹಿಮೋಗ್ಲೋಬಿನ್ ಎ2 ಎಷ್ಟಿದೆಯೆಂದು ನೋಡುವ ಒಂದು ಪರೀಕ್ಷೆ. ಮದುವೆಯ ಲಗ್ನಪತ್ರಿಕೆಯ ಖರ್ಚಿನ ಮುಂದೆ ಅದೊಂದು ಖರ್ಚೇ ಅಲ್ಲ. ಗಂಡಿನ ಕಡೆಯವರು ಸಿಡಿಮಿಡಿಗೊಂಡರು. "ನಮ್ಮ ಹುಡುಗನಲ್ಲಿ ಐಬು ಹುಡುಕುತ್ತೀರಾ?" ಎಂದರು. ತಂಗಿಯೂ ಕಣ್ಣೀರು ಹಾಕಿದಳು. ಆಗ ಮಾತಾಡಿದವಳು ಅಮ್ಮ. ಎಂಟು ವರ್ಷದ ಹಿಂದೆ ಮೊದಲ ಸಲ ಮೊಮ್ಮಗಳಿಗೆ ರಕ್ತ ಹಾಕಿದಾಗ "ಯಾವ ಜಾತಿಯವರದೋ ಏನೋ" ಎಂದು ಗೊಣಗಿ, "ಬಿ ಪಾಸಿಟಿವ್ ಜಾತಿಯವರದು ಅತ್ತೆ" ಎಂದು ಸೊಸೆಯಿಂದ ಹೇಳಿಸಿಕೊಂಡವಳು. ಆಮೇಲೆ ತನ್ನಿಂದಲೇ ಬಂದದ್ದೆಂದು ತಿಳಿದು, ನಾಗದೇವರಿಗೆ ಹರಕೆ ಹೊತ್ತು, ಎಷ್ಟೋ ರಾತ್ರಿ ನಿದ್ದೆಗೆಟ್ಟವಳು. "ನಿನಗೂ ಯಾರೋ ಹಿರಿಯರಿಂದ ಬಂದದ್ದಮ್ಮ, ನೀನು ಬೇಕೆಂದು ಕೊಟ್ಟದ್ದಲ್ಲ" ಎಂದು ನಾನೆಷ್ಟು ಹೇಳಿದರೂ ಸಮಾಧಾನವಾಗಿರಲಿಲ್ಲ. ಅವಳು ಬೀಗರ ಮುಂದೆ ಕೈ ಮುಗಿದಳು: "ಗೊತ್ತಿಲ್ಲದೆ ನಾನು ಮಾಡಿದೆ. ಗೊತ್ತಿದ್ದೂ ನೀವು ಮಾಡಬೇಡಿ."

ಪರೀಕ್ಷೆ ಆಯಿತು. ಹುಡುಗಿ ಹೊತ್ತವಳು, ಹುಡುಗನಲ್ಲಿ ಏನೂ ಇಲ್ಲ. ಒಬ್ಬರಲ್ಲಿ ಮಾತ್ರ ಇದ್ದರೆ ಮಕ್ಕಳು ಹೊತ್ತವರಾಗಬಹುದೇ ಹೊರತು ಈ ಕಾಯಿಲೆಯವರಾಗುವುದಿಲ್ಲ. ಮದುವೆ ನಡೆಯಿತು. ಅಮ್ಮ ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

2025ರ ಮಾರ್ಚ್ 30ಕ್ಕೆ ಕ್ರೋಧಿ ಹೋಗಿ ವಿಶ್ವಾವಸು ಬಂತು. ಬೇವುಬೆಲ್ಲ ಹಂಚುವಾಗ ಅಮ್ಮ, "ಬೆಲ್ಲದಲ್ಲೂ ಕಬ್ಬಿಣವಂತೆ" ಎಂದು ಮೊಮ್ಮಕ್ಕಳಿಗೆ ಬೇವನ್ನೇ ಹೆಚ್ಚಿಗೆ ಹಾಕಿದಳು. ಅವರು ದೊಡ್ಡ ಗಲಾಟೆ ಮಾಡಿದರು. ಗಲಾಟೆ ಕೇಳಿ ನನ್ನಾಕೆಗೆ ಸಂತೋಷವಾಯಿತು. ಮಗಳು ತನ್ನ ನೋಟುಬುಕ್ಕಿನ ಕೊನೆಯ ಹಾಳೆ ತೋರಿಸಿದಳು. ಒಂದೊಂದು ಚೀಲಕ್ಕೂ ಒಂದೊಂದು ಗೀಟು ಎಳೆದಿದ್ದಳು. ಕೆಳಗೆ "ಒಟ್ಟು 34 ಜನ" ಎಂದು ಬರೆದಿತ್ತು. "34 ಚೀಲ ಅಲ್ಲವೇನಮ್ಮ?" ಎಂದೆ. "ಚೀಲ ತಾನೇ ಬರುತ್ತಾ ಅಪ್ಪ?" ಎಂದಳು.

ಸಂಜೆ ಅಮ್ಮ ದೇವರಿಗೆ ದೀಪ ಹಚ್ಚಿ, ಎಂದಿನಂತೆ ಮಕ್ಕಳು, ಮೊಮ್ಮಕ್ಕಳು, ತಮ್ಮಂದಿರು, ತವರಿನವರು ಎಲ್ಲರ ಹೆಸರನ್ನೂ ಒಂದೊಂದಾಗಿ ಹೇಳಿ, ಒಳ್ಳೆಯದು ಮಾಡಪ್ಪ ಎಂದು ಬೇಡಿಕೊಂಡಳು. ಮುಗಿಯಿತೆಂದು ನಾನು ಮಂಗಳಾರತಿಗೆ ಕೈ ಚಾಚಿದೆ. "ತಡೆಯೋ" ಎಂದಳು. ಮತ್ತೆ ಕಣ್ಣು ಮುಚ್ಚಿದಳು. "ಹೆಸರು ಗೊತ್ತಿಲ್ಲದ ನಮ್ಮವರು ಮೂವತ್ತನಾಲ್ಕು ಜನ ಇದ್ದಾರೆ. ಅವರನ್ನೂ ನೋಡಿಕೋ."