ಉಮೇದುವಾರಿಕೆಗೆ ಮುನ್ನ

ಶ್ರೀಮಠದ ಭಕ್ತ ಬಂಧುಗಳೇ, ಪ್ರಸಾದ ನಿಲಯದ ಪಂಕ್ತಿಯಲ್ಲಿ ನನ್ನೊಡನೆ ಕುಳಿತು ಉಂಡ ಹಳೆಯ ಗೆಳೆಯರೇ,

ಧರ್ಮವಿಚಾರವನ್ನು ಕುರಿತು ಬರೆಯುವಷ್ಟು ಅಧ್ಯಯನ ನನ್ನದಲ್ಲ. ಪಂಚಾಯತಿಗೋ ನಗರದ ಸಭೆಗೋ ಚುನಾವಣೆಗೆ ನಿಲ್ಲಬೇಕೆನ್ನುವವರು ಮೊದಲು ಏನನ್ನು ಕಲಿತಿರಬೇಕು ಎಂಬ ಲೌಕಿಕ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಶ್ರೀಮಠದ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನಿಸೀತು. ಪೂರ್ತಿ ಓದಿ, ಆಮೇಲೆ ಬೈಯಿರಿ.

1993ರಲ್ಲಿ ನಾನು ಖಾನಾಪುರ ತಾಲೂಕಿನ ನನ್ನ ಹುಟ್ಟೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದೆ. ಆ ವರ್ಷವೇ ಜಾರಿಗೆ ಬಂದ ಪಂಚಾಯತ್ ರಾಜ್ ಅಧಿನಿಯಮದಂತೆ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿಗಳ ಚುನಾವಣೆ ನಡೆಯಿತು. ಓಣಿಯ ಹಿರಿಯರು ನನ್ನನ್ನು ನಿಲ್ಲಿಸಿದರು, ಗೆದ್ದೆ. ನನ್ನ ಅರ್ಹತೆಯಾದರೂ ಏನು? ಮಠದಲ್ಲಿ ಓದಿದವನು, ಸುಳ್ಳು ಹೇಳುವವನಲ್ಲ ಎಂಬ ಜನರ ನಂಬಿಕೆ, ಅಷ್ಟೇ. ಆ ನಂಬಿಕೆಯನ್ನು ನಾನೂ ನಂಬಿಬಿಟ್ಟೆ. ಪ್ರಾಮಾಣಿಕನಾದವನಿಗೆ ಬೇರೆ ತಯಾರಿ ಏತಕ್ಕೆ ಎಂದುಕೊಂಡೆ.

ಎರಡನೆಯ ವರ್ಷದ ಕ್ರಿಯಾ ಯೋಜನೆ ಸಭೆಗೆ ಬಂದಿತು. ನಾಲ್ಕಾರು ಹಾಳೆಗಳ ಪಟ್ಟಿ. ಅದನ್ನು ಯಾರೋ ಗಡಿಬಿಡಿಯಿಂದ ಓದಿದರು. ಎಲ್ಲರೂ ಕೈಯೆತ್ತಿದರು, ನಾನೂ ಎತ್ತಿದೆ. ಠರಾವಿನ ಕೆಳಗೆ ಸಹಿಯನ್ನೂ ಮಾಡಿ ಚಹಾ ಕುಡಿದು ಮನೆಗೆ ಬಂದೆ. ಬೇಸಿಗೆ ಬಂದಾಗ ಊರ ಕೆಳಗಿನ ಕೇರಿಯ ಮುದುಕಿಯೊಬ್ಬಳು ಖಾಲಿ ಕೊಡ ಹಿಡಿದು ನಮ್ಮ ಕಟ್ಟೆಯ ಮುಂದೆ ನಿಂತಳು. "ನಮ್ಮ ಕೇರಿ ನಳಾ ತಗದ ಹಾಕೂಮುಂದ ನೀನೂ ಕೈ ಎತ್ತಿದ್ಯಂತಲ್ಲೋ ಯಪ್ಪಾ" ಎಂದಳು. ನಾನು ಇಲ್ಲವೆಂದೆ. ಮರುದಿನ ಪಂಚಾಯತಿಗೆ ಹೋಗಿ ಠರಾವು ಬುಕ್ಕನ್ನು ತೆಗೆಸಿ ನೋಡಿದರೆ ಅವಳ ಮಾತೇ ನಿಜವಾಗಿತ್ತು. ಹಿಂದಿನ ಯೋಜನೆಯಲ್ಲಿ ಉಳಿದಿದ್ದ ಆ ಕೇರಿಯ ನಳಗಳನ್ನು ಪಟ್ಟಿಯಿಂದ ಬಿಟ್ಟು ಅದೇ ಹಣವನ್ನು ಹೊಲದ ದಾರಿಯ ಒಂದು ಸಣ್ಣ ಸೇತುವೆಗೆ ಹಾಕಲಾಗಿತ್ತು. ಆ ದಾರಿ ಹೋಗುವುದು ನನ್ನ ಹೊಲದ ಮೇಲೆಯೇ.

ಯಾರೂ ನನಗೆ ಲಂಚ ಕೊಟ್ಟಿರಲಿಲ್ಲ. ನಾನು ಓದಿರಲಿಲ್ಲ, ಅಷ್ಟೇ. ಮುಂದಿನ ವರ್ಷ ಹಟ ಹಿಡಿದು ಆ ನಳಗಳನ್ನು ಹಾಕಿಸಿದೆ. ಆದರೆ ಒಂದು ಬೇಸಿಗೆಯ ನೀರನ್ನು ಆ ಹೆಣ್ಣುಮಕ್ಕಳು ದೂರದ ಬಾವಿಯಿಂದ ಹೊತ್ತಿದ್ದರು. ಅದನ್ನು ನಾನು ತಿರುಗಿ ಕೊಡಲಾರೆ.

ಈ ಸಂಗತಿಯಲ್ಲಿ ನನ್ನನ್ನು ಇಂದಿಗೂ ನಾಚಿಸುವ ಇನ್ನೊಂದು ಅಂಶವಿದೆ. ಪ್ರಸಾದ ನಿಲಯದಲ್ಲಿದ್ದಾಗ ಉಗ್ರಾಣದ ಪಾಳಿ ನನಗೆ ಬಂದಾಗಲೆಲ್ಲ ಜೋಳ ಎಷ್ಟು ಸೇರು ಬಂತು, ಎಷ್ಟು ಗಿರಣಿಗೆ ಹೋಯಿತು, ಹಿಟ್ಟು ಎಷ್ಟು ತಿರುಗಿ ಬಂತು ಎಂದು ಕೀರ್ದಿಯಲ್ಲಿ ಬರೆಯುತ್ತಿದ್ದೆ. ಅರ್ಧ ಸೇರಿನ ವ್ಯತ್ಯಾಸ ಬಂದರೆ ರಾತ್ರಿ ನಿದ್ರೆ ಹತ್ತುತ್ತಿರಲಿಲ್ಲ. ಭಕ್ತರ ಮನೆಯ ಕಾಳಿಗೆ ಅಷ್ಟು ಅಂಜಿದವನು ಊರವರ ತೆರಿಗೆಯ ಹಣಕ್ಕೆ ಏಕೆ ಅಂಜಲಿಲ್ಲ? ಬಿಜ್ಜಳನ ಭಂಡಾರವನ್ನು ಕುರಿತು ಆರೋಪ ಬಂದಾಗ ಬಸವಣ್ಣನವರು ಎಣಿಸಿ ನೋಡಿರೆಂದು ಹೇಳಿದ ಪ್ರಸಂಗವನ್ನು ಪುರಾಣದಲ್ಲಿ ನಾವೆಲ್ಲ ಕೇಳಿದ್ದೇವೆ. ಪವಾಡದ ಭಾಗ ಒತ್ತಟ್ಟಿಗಿರಲಿ. ಲೆಕ್ಕ ಬಲ್ಲವನ ಬಾಯಲ್ಲಿ ಮಾತ್ರ ಆ ಮಾತು ಬರುತ್ತದೆ.

ಗೆದ್ದವರಿಗೆ ಸರಕಾರ ತರಬೇತಿ ಕೊಡದೆ ಇಲ್ಲ. ಮೈಸೂರಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಇದೆ. ಕೊಳವೆಬಾವಿಗಳನ್ನು ತೋಡಿಸಿ ನೀರಸಾಬರೆನಿಸಿಕೊಂಡ ಅಬ್ದುಲ್ ನಜೀರಸಾಬರ ಹೆಸರು ಅದಕ್ಕೆ ಇರುವುದು ಯೋಗ್ಯವೇ. ಆದರೆ ಗೆದ್ದ ಮೇಲೆ ಕಲಿಯುವವನಿಗೆ ಕಲಿಯುವ ಅವಸರ ಉಳಿದಿರುವುದಿಲ್ಲ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಡಾ. ಹರ್ಡೀಕರರು ಸ್ವಯಂಸೇವಕರನ್ನು ಮುಂಚಿತವಾಗಿಯೇ ತರಬೇತುಗೊಳಿಸಿದ್ದರು. ಪಂಕ್ತಿಯಲ್ಲಿ ನೀರು ಬಡಿಸುವವನಿಗೂ ತರಬೇತಿ ಬೇಕು. ಊರಿನ ಹಣ ಹಂಚುವವನಿಗೆ ಬೇಡವೆನ್ನುವುದು ಯಾವ ನ್ಯಾಯ?

ಕೆಲವು ವರ್ಷಗಳಿಂದ ನಾನು ಕ್ಯಾಂಪಿನಲ್ಲಿ ಮಗನ ಮನೆಯಲ್ಲಿದ್ದೇನೆ. ಆದಿತ್ಯವಾರ ಮುಂಜಾನೆ ನಮ್ಮ ಪಡಸಾಲೆಯಲ್ಲಿ ನಾಲ್ಕೈದು ಜನ ಸೇರುವುದುಂಟು. 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಗೆ ಮುಂಚೆ ಖಾನಾಪುರದ ಕಡೆಯಿಂದಲೂ ಮೂವರು ಬಸ್ಸಿನಲ್ಲಿ ಬರುತ್ತಿದ್ದರು. ಭಾಷಣ ಕಲಿಸಿರೆಂದು ಅವರ ಮೊದಲ ಬೇಡಿಕೆ. ಭಾಷಣ ನನಗೂ ಬಾರದು. ಮೊದಲು ಮತದಾರರ ಯಾದಿಯಲ್ಲಿ ನಿಮ್ಮ ಹೆಸರನ್ನು ನೀವೇ ಹುಡುಕಿರಿ ಎಂದೆ. ಒಬ್ಬರ ಹೆಸರು ತಪ್ಪಾಗಿ ಅಚ್ಚಾಗಿತ್ತು, ಇನ್ನೊಬ್ಬರದು ಬೇರೆ ಭಾಗದಲ್ಲಿತ್ತು. ನಾಮಪತ್ರದ ದಿನ ಇದು ತಿಳಿದಿದ್ದರೆ ಗತಿಯೇನು?

ಅವರಲ್ಲಿ ಒಬ್ಬಾಕೆಯ ಮನೆಮಾತು ಮರಾಠಿ, ಓದು ಏಳನೆಯ ಇಯತ್ತೆ. ಸ್ಥಾನ ಮಹಿಳೆಗೆ ಮೀಸಲಾದುದರಿಂದ ಮನೆಯವರು ನಿಲ್ಲಿಸುತ್ತಿದ್ದರು. ಗೆದ್ದ ಮೇಲೆ ಸಭೆಗೆ ಗಂಡನೇ ಹೋಗುವುದೆಂದು ನಿಶ್ಚಯವೂ ಆಗಿತ್ತು. "ಕಾಕಾ, ಕಾಗದ ನಂಗ ತಿಳಿಯೂದಿಲ್ಲ, ಆದ್ರ ಸಂತಿ ಲೆಕ್ಕಾ ಬಾಯಾಗ ಐತಿ" ಎಂದಳು. ಅಲ್ಲಿಂದಲೇ ಆರಂಭಿಸಿದೆವು. ಪಂಚಾಯತಿಯ ಜಮಾ ಎಂದರೆ ಮನೆಪಟ್ಟಿ, ನೀರಪಟ್ಟಿ, ಸರಕಾರದಿಂದ ಬರುವ ಅನುದಾನ. ಖರ್ಚು ಯಾವ ತಲೆಬರಹದಲ್ಲಿ ಹೋಗಬೇಕು, ಯಾವುದನ್ನು ಅತ್ತಿತ್ತ ಮಾಡುವಂತಿಲ್ಲ. ವಾರ್ಡ್ ಸಭೆಯಲ್ಲಿ ಬಂದ ಬೇಡಿಕೆ ಗ್ರಾಮಸಭೆಗೆ, ಅಲ್ಲಿಂದ ಕ್ರಿಯಾ ಯೋಜನೆಗೆ ಹೇಗೆ ಏರುತ್ತದೆ, ನಡುವೆ ಎಲ್ಲಿ ಜಾರಿಬೀಳುತ್ತದೆ. ಜಾರುವ ಜಾಗವನ್ನು ತೋರಿಸಲು ನನಗಿಂತ ಯೋಗ್ಯ ಗುರು ಯಾರಿದ್ದಾರೆ! ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕವನ್ನು ಜನರ ಮುಂದಿಡಬೇಕೆಂಬುದನ್ನು ಆಕೆ ಕೇಳಿಯೇ ಇರಲಿಲ್ಲ. ಭಾಷೆಯ ಜಗಳಕ್ಕೆ ನಮ್ಮ ಜಿಲ್ಲೆಯಲ್ಲಿ ಜನ ಕ್ಷಣದಲ್ಲಿ ಕೂಡುತ್ತಾರೆ. ಜಮಾಬಂದಿಗೆ ಹತ್ತು ಜನ ಸಿಕ್ಕರೆ ಪುಣ್ಯ.

ಅವಳು ಗೆದ್ದಳು. ಮೊದಲ ಸಭೆಗೆ ಗಂಡ ಬಾಗಿಲವರೆಗೆ ಬಂದು ತಿರುಗಿ ಹೋದನೆಂದು ಆಮೇಲೆ ತಿಳಿಯಿತು. ಉಳಿದಿಬ್ಬರು ಸೋತರು. ಸೋತವರಲ್ಲಿ ಒಬ್ಬರು ಈಗಲೂ ತಪ್ಪದೆ ಗ್ರಾಮಸಭೆಗೆ ಹೋಗಿ ಹಾಳೆ ಕೇಳುತ್ತಾರೆ.

ಕ್ಯಾಂಪಿನ ಕಥೆ ಬೇರೆ. ದಂಡುಪ್ರದೇಶವಾದ್ದರಿಂದ ಮಹಾನಗರಪಾಲಿಕೆಯ 58 ವಾರ್ಡುಗಳಲ್ಲಿ ಕ್ಯಾಂಪು ಸೇರಿರಲಿಲ್ಲ. 2021ರ ಪಾಲಿಕೆ ಚುನಾವಣೆಯ ಗದ್ದಲ ಖಾನಾಪುರ ರಸ್ತೆಯ ಆಚೆಗೇ ಉಳಿಯಿತು. ಇಲ್ಲಿನದು ಕಂಟೋನ್ಮೆಂಟ್ ಬೋರ್ಡು. 2006ರ ಕಾಯಿದೆಯಂತೆ ಏಳು ಜನ ಚುನಾಯಿತ ಸದಸ್ಯರು, ಅಷ್ಟೇ ಸಂಖ್ಯೆಯಲ್ಲಿ ಅಧಿಕಾರಿಗಳೂ ಸೇನೆಯವರೂ. ಅಧ್ಯಕ್ಷಸ್ಥಾನ ಸೇನಾಧಿಕಾರಿಯದು, ಉಪಾಧ್ಯಕ್ಷರು ಚುನಾಯಿತರಲ್ಲಿ ಒಬ್ಬರು. ಇಂತಹ ಸಭೆಯಲ್ಲಿ ಕೂಗಾಡಿ ಗೆಲ್ಲುವುದು ಸಾಧ್ಯವಿಲ್ಲ. ಎದುರಿಗೆ ಕುಳಿತವರು ಕಾಯಿದೆ ಓದಿಕೊಂಡೇ ಬಂದಿರುತ್ತಾರೆ. ಮನೆಯ ಮಾಳಿಗೆ ರಿಪೇರಿಗೂ ಪರವಾನಿಗೆ ಬೇಕು; ನೆಲ ಯಾರದು, ಯಾವ ಷರತ್ತಿನ ಮೇಲೆ ಕೊಟ್ಟದ್ದು ಎಂಬುದು ಭೂಮಿಯ ರಿಜಿಸ್ಟರಿನಲ್ಲಿ ಇರುತ್ತದೆ. ಆ ರಿಜಿಸ್ಟರನ್ನು ಓದಬಲ್ಲ ಉಮೇದುವಾರನು ಹತ್ತು ಭಾಷಣಕಾರರಿಗೆ ಸಮ.

ಇಲ್ಲಿ ಕೊನೆಯ ಚುನಾವಣೆಯಾದದ್ದು 2015ರ ಜನವರಿಯಲ್ಲಿ. ಆ ಸದಸ್ಯರ ಅವಧಿಯನ್ನು ವಿಸ್ತರಿಸಿದ್ದೂ 2021ರ ಫೆಬ್ರುವರಿಗೆ ಮುಗಿಯಿತು. ಅನಂತರ ಅಧ್ಯಕ್ಷರು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಮತ್ತು ನಾಮನಿರ್ದೇಶಿತ ನಾಗರಿಕರೊಬ್ಬರು, ಹೀಗೆ ಮೂವರ ಬೋರ್ಡು. 2023ರ ಏಪ್ರಿಲ್ 30ಕ್ಕೆ ದೇಶದ 57 ಬೋರ್ಡುಗಳಿಗೆ ಚುನಾವಣೆಯೆಂದು ಪ್ರಕಟವಾದಾಗ ನಮ್ಮ ಪಡಸಾಲೆ ತುಂಬಿತು. ಕನ್ನಡ, ಮರಾಠಿ, ಉರ್ದು ಮೂರೂ ಮಾತಾಡುವ ತರುಣರು. ಕಾಯಿದೆಯ ಕಲಮುಗಳನ್ನು ಒಬ್ಬನು ಇಂಗ್ಲಿಷಿನಲ್ಲಿ ಓದುವುದು, ಇನ್ನೊಬ್ಬನು ತನ್ನ ಮಾತಿನಲ್ಲಿ ಹೇಳುವುದು. ಗಟಾರಗಳ ನಕ್ಷೆಯನ್ನು ಒಬ್ಬ ಹುಡುಗ ಸ್ವತಃ ಓಣಿ ಓಣಿ ಅಲೆದು ಬರೆದು ತಂದಿದ್ದ. ಮಾರ್ಚ್ 17ರಂದು ಪ್ರಕಟಣೆಯೇ ರದ್ದಾಯಿತು. ನಾಗರಿಕ ಪ್ರದೇಶಗಳನ್ನು ನಗರಸಂಸ್ಥೆಗಳಿಗೆ ಸೇರಿಸುವ ವಿಚಾರ ಮುಂದೆ ಬಂದಿತ್ತು.

ಮುಂದಿನ ಆದಿತ್ಯವಾರ ಯಾರೂ ಬರಲಾರರೆಂದು ನಾನು ಚಾಪೆಯನ್ನೇ ಹಾಸಿರಲಿಲ್ಲ. ಒಂಬತ್ತರ ಸುಮಾರಿಗೆ ಮೂವರು ಬಂದರು. ನಕ್ಷೆ ಬರೆದ ಹುಡುಗ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದ. "ಕಾಕಾ, ನಾಳೆ ಪಾಲಿಕೆಗೆ ಸೇರಿಸಿದರ ಈ ಗಟಾರ ಯಾರ ಲೆಕ್ಕಕ್ಕ ಬರತಾವು?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. 1976ರ ಮಹಾನಗರಪಾಲಿಕೆಗಳ ಅಧಿನಿಯಮವನ್ನು ತರಿಸಿ ಅಂದಿನಿಂದ ಓದತೊಡಗಿದೆವು.

ಚುನಾವಣೆಗೆ ನಿಲ್ಲುವ ಮನಸ್ಸುಳ್ಳ ಭಕ್ತರು, ಅದರಲ್ಲೂ ಹೆಣ್ಣುಮಕ್ಕಳು, ಯಾವ ಆದಿತ್ಯವಾರವಾದರೂ ಬರಬಹುದು. ನಿಮ್ಮ ವಾರ್ಡಿನ ಮತದಾರರ ಯಾದಿಯನ್ನೂ ಮನೆಪಟ್ಟಿ ಕಟ್ಟಿದ ಪಾವತಿಯನ್ನೂ ತಪ್ಪದೆ ತನ್ನಿರಿ. ಚಹಾ ನಮ್ಮಲ್ಲಿದೆ.